ಮೌನವನ್ನೂ ಬೆರಳಚ್ಚಿಸುವ ಕಿವಿಯಕ್ಕ

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ಒಳಗಿರುವುದು ಒಬ್ಬರೇ ಹೆಂಗಸು. ಅವರ ಕಿವಿಯೊಳಗೆ ಮಾತ್ರ ಇನ್ನೂರು ಜನ ಕೆಮ್ಮುತ್ತಿದ್ದಾರೆ, ಕುರ್ಚಿ ಎಳೆಯುತ್ತಿದ್ದಾರೆ. ಪಾದದಡಿಯ ಪೆಡಲ್ ಒತ್ತಿದರೆ ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಬಿಟ್ಟರೆ ಮತ್ತೆ ಕೆಮ್ಮುತ್ತಾರೆ. ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗದೆಯೇ ಹೆಡ್‌ಫೋನ್ ಒಂದಿಷ್ಟು ಸರಿಸಿ ಅನ್ನುತ್ತಾರೆ: "ಬನ್ನಿ ಒಳಗೆ. ನಿಮ್ಮ ಎಡಗಾಲಿನ ಚಪ್ಪಲಿ ಕಿತ್ತು ಬರೋ ಹಾಗಿದೆ."

ಇಲ್ಲಿ ಎಲ್ಲರಿಗೂ ಅವರು ಕಿವಿಯಕ್ಕ. ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಉಪನ್ಯಾಸಗಳ ಧ್ವನಿಮುದ್ರಣ ಕೇಳಿ ಬೆರಳಚ್ಚು ಮಾಡುವುದು ಇಪ್ಪತ್ತಾರು ವರ್ಷಗಳ ಕಾಯಕ. ಒಂದು ಗಂಟೆಯ ಮಾತಿಗೆ ನಾಲ್ಕು ಗಂಟೆಯ ದುಡಿಮೆ, ದಿನಕ್ಕೆ ಇಪ್ಪತ್ತೆರಡು ಪುಟ. ನೌಕರಿ ಇಂದಿಗೂ ತಾತ್ಕಾಲಿಕ. ಹನ್ನೊಂದು ತಿಂಗಳಿಗೊಮ್ಮೆ ನವೀಕರಣ. ಎಡಗಿವಿಯಲ್ಲಿ ಸದಾ ಜೀರುಂಡೆಯ ಗುಂಯ್‌ಗುಡುವಿಕೆ. ಮಾತಷ್ಟೇ ಅಲ್ಲ, ನಗು, ಬಾಗಿಲು, ಫ್ಯಾನು, ಎಲ್ಲ ಸದ್ದನ್ನೂ ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ.

"ನಮ್ಮತ್ತೆಗೆ ಕಿವಿ ಕೇಳ್ತಿರಲಿಲ್ಲ. ಹಾಲು ಉಕ್ತು, ಯಾರೋ ಬಾಗಿಲು ಬಡಿದ್ರು ಅಂತ ಕೈಸನ್ನೇಲಿ ಹೇಳಿ ಹೇಳಿ ರೂಢಿ ಆಯ್ತು. ಈಗ ನಮ್ಮನೆಯವರು ಗೊಣಗೋಕೂ ಹೆದರ್ತಾರೆ," ಎಂದು ನಗುತ್ತಾರೆ.

ಹೋದ ವರ್ಷ ಕಾನೂನು ವಿಭಾಗದಲ್ಲಿ ಇಂದಿನ ಮಾನವ ಹಕ್ಕುಗಳ ಸವಾಲುಗಳ ಬಗ್ಗೆ ಒಂದು ಉಪನ್ಯಾಸ ನಡೆಯಿತು. ವಿಚಾರಣೆಯಿಲ್ಲದೆ ಕಾಣೆಯಾಗುವವರ ಕುರಿತು ಮಾತಾಡಿದ ಪ್ರಾಧ್ಯಾಪಕಿ ಕೊನೆಗೆ ಒಂದು ಫೋನ್ ಕರೆಯ ಧ್ವನಿಮುದ್ರಣ ಕೇಳಿಸಿದರು. ಕಾರ್ಮಿಕರ ಪರ ಬರೆಯುತ್ತಿದ್ದ ಶಾಲಾ ಮೇಷ್ಟ್ರೊಬ್ಬರನ್ನು ಯಾರೋ ವ್ಯಾನಿಗೆ ಹತ್ತಿಸಿಕೊಂಡು ಹೋದ ದಿನ, ಅವರ ಜೇಬಿನ ಫೋನಿನಿಂದ ತಂಗಿಗೆ ಬಂದ ಕರೆ ಅದು. ಒಂದು ನಿಮಿಷ ಹತ್ತು ಸೆಕೆಂಡು. "ಇದರಲ್ಲಿ ಏನೂ ಇಲ್ಲ. ಈ ಮೌನವೇ ನಮ್ಮ ಕಾಲದ ಸವಾಲು," ಎಂದು ಅವರು ಮಾತು ಮುಗಿಸಿದರು.

ಮೂರು ದಿನದ ಮೇಲೆ ಆ ಮೌನ ಕಿವಿಯಕ್ಕನ ಮೇಜಿಗೆ ಬಂತು. "ಮೌನ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದ್ರೆ ಬಟ್ಟೆ ಸರಸರ ಅನ್ನೋದರ ಕೆಳಗೆ ಏನೋ ಇತ್ತು. ಹನ್ನೊಂದು ಸಲ ಕೇಳಿದೆ. ಹನ್ನೆರಡನೇ ಸಲಕ್ಕೆ ಯಾರೋ ನನ್ನ ಕತ್ತಿನ ಹಿಂದೇನೇ ಉಸುರಿದ ಹಾಗಾಯ್ತು. ಎದ್ದು ಬಾಗಿಲು ತೆಗೆದಿಟ್ಟೆ." ಅವರು ಬರೆದ ಸಾಲು: (ಗಂಡಸಿನ ಪಿಸುದನಿ, ಮೆಟ್ಟಿಲಿಳಿಯುವ ಹೆಜ್ಜೆಸದ್ದಿನೊಂದಿಗೆ ಎಣಿಕೆ, ಒಂದರಿಂದ ಮೂವತ್ತೆಂಟು. ಕಬ್ಬಿಣದ ಬಾಗಿಲು.)

ಅದನ್ನು ಮೊದಲು ಗಮನಿಸಿದ್ದು ಕಿವಿ ಕೇಳದ ಒಬ್ಬ ವಿದ್ಯಾರ್ಥಿನಿ. ಪುಟ ಹಿಡಿದು ಹೋಗಿ ಪ್ರಾಧ್ಯಾಪಕಿಯ ಮುಂದೆ ಚೀಟಿ ಇಟ್ಟಳು: "ನಿಮಗೆಲ್ಲ ಕಿವಿ ಕೇಳುತ್ತಲ್ಲ, ಇದು ಯಾಕೆ ಕೇಳಲಿಲ್ಲ?"

ಪ್ರಾಧ್ಯಾಪಕಿ ಕೂಡಲೇ ಮೇಷ್ಟ್ರ ತಂಗಿಯನ್ನು ಕರೆಸಿದರಂತೆ. ದನಿ ಏರಿಸಿ ಕೇಳಿಸಿದಾಗ ತಂಗಿ ಗುರುತು ಹಿಡಿದರು: "ನಮ್ಮಣ್ಣಂದೇ. ಮೆಟ್ಟಿಲು ಕಂಡ್ರೆ ಎಣಿಸೋದು ಅವನ ಚಟ." ತಂಗಿಯ ಪರ ವಕೀಲರಿಗೆ ಮೊದಲೇ ಮೂರು ಕಟ್ಟಡಗಳ ಮೇಲೆ ಗುಮಾನಿಯಿತ್ತು. ನ್ಯಾಯಾಲಯದ ಆದೇಶ ಹಿಡಿದು ಹೋಗಿ ಎಣಿಸಿದರೆ, ಬೀಗ ಬಿದ್ದ ಹಳೆಯ ಕಚೇರಿಯೊಂದರಲ್ಲಿ ನೆಲದಡಿಗೆ ಸರಿಯಾಗಿ ಮೂವತ್ತೆಂಟು ಮೆಟ್ಟಿಲು. ಕೆಳಗೆ ಬೇರೆ ಇಬ್ಬರು ಜೀವಂತ ಸಿಕ್ಕರು. ಮೇಷ್ಟ್ರು ಇರಲಿಲ್ಲ. ಅವರಿದ್ದರೆಂದು ಆ ಇಬ್ಬರು ಹೇಳಿದ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಗೋಡೆ ಇನ್ನೂ ಹಸಿ. ಹುಡುಕಾಟ ಈಗಲೂ ನಡೆದಿದೆ.

ಪತ್ರಿಕೆಗಳಲ್ಲಿ ಪ್ರಾಧ್ಯಾಪಕಿಯ ಚಿತ್ರ ಬಂತು, ವಕೀಲರದ್ದೂ ಬಂತು. ಕಿವಿಯಕ್ಕನನ್ನು ಹುಡುಕಿಕೊಂಡು ಬಂದದ್ದು ತಂಗಿ ಒಬ್ಬರೇ. ಈ ಕೋಣೆಯ ಸ್ಟೂಲಿನ ಮೇಲೆ ಕೂತರಂತೆ.

"ಆಮೇಲೆ ಕೇಳಿದ್ರು, 'ನಮ್ಮಣ್ಣ ಹೆದರಿದ್ನಾ ಅಕ್ಕಾ?' ಅಂತ. ಸುಳ್ಳು ಸಮಾಧಾನ ನನಗೆ ಬರಲ್ಲ. ಹೆದರಿದ್ರು, ಉಸಿರು ನಡುಗ್ತಿತ್ತು ಅಂದೆ. ಆದ್ರೆ ಒಂದು ಸಂಖ್ಯೆನೂ ತಪ್ಪಿಲ್ಲಮ್ಮ, ಯಾರಾದ್ರೂ ಕೇಳಿಸ್ಕೊಳ್ಳಲಿ ಅಂತಾನೇ ಎಣಿಸಿದ್ರು ಅಂದೆ." ಕಿವಿಯಕ್ಕ ಹೆಡ್‌ಫೋನ್ ಕೈಗೆತ್ತಿಕೊಳ್ಳುತ್ತಾರೆ. "ಕೇಳಿಸ್ಕೊಂಡೆ. ಅಷ್ಟೇ ನಾನು ಮಾಡಿದ್ದು."