ಕೊಸರಿಲ್ಲದ ಅಳತೆ

ಜುಗೂಳದ ಹೊಳೆವ್ವ ಯಾರಿಗೂ ಬೋಳಾಗಿ ಅಳೆದು ಕೊಟ್ಟವಳಲ್ಲ. ಜೋಳವಾಗಲಿ, ಹಾಲಾಗಲಿ, ಅಳತೆ ತುಂಬಿದ ಮೇಲೆ ಇಷ್ಟು ಕೊಸರು ಹಾಕಿದರೇ ಅವಳ ಕೈಗೆ ಸಮಾಧಾನ. ಕೊಸರು ದೇವರ ಪಾಲೆಂದು ಅತ್ತೆ ಕಲಿಸಿದ್ದಳು. ಅತ್ತೆ ಬಿಟ್ಟುಹೋದ ಇನ್ನೊಂದು ಆಸ್ತಿ ಶೇಂಗಾದ ಬೀಜ. ಹೊಳೆದಂಡೆಯ ಇಪ್ಪತ್ತು ಗುಂಟೆಯಲ್ಲಿ ಪ್ರತಿ ಮಳೆಗಾಲವೂ ಅದನ್ನೇ ಬಿತ್ತುತ್ತಿದ್ದರು. ಅದರ ಎಣ್ಣೆಯಿಂದಲೇ ಮನೆದೇವರ ದೀಪ.

ಎಂಬತ್ತೇಳರ ಮಳೆಗಾಲದಲ್ಲಿ ಗಂಡ ಮಲಕಾರಿ ಕಡ್ಡಿ ಮುರಿದಂತೆ ಹೇಳಿದ: "ಹೂವೆಲ್ಲಾ ಉದುರಿ ಹೊಂಟಾವ. ಗಿಡಕ್ಕ ನಾಕ ಕಾಯಿ. ಈ ಸಲಾನೂ ಹಿಂಗಾದ್ರ ಹೊಲಾ ಹರಗಿ ಕಬ್ಬ ಹಚ್ಚೂದ."

ಕೃಷಿ ಇಲಾಖೆಯ ರಾಜಾರಾಮ ಒಂದು ಸಣ್ಣ ಬಾಟಲಿ ತಂದುಕೊಟ್ಟ. ಹೂ ಉದುರದಂತೆ ತಡೆಯುವ ಔಷಧ. ಇಂಥದೇ ರಸ ಗಿಡದೊಳಗೂ ತಾನಾಗಿ ಹುಟ್ಟುತ್ತದಂತೆ. ಬೆನ್ನಿಗೆ ಹೊತ್ತು ಸಿಂಪಡಿಸುವ ಒಂದು ಪಂಪು ನೀರಿಗೆ ಒಂದೇ ಮುಚ್ಚಳ.

"ಒಂದ ಮುಚ್ಚಳಾ? ದೃಷ್ಟಿ ತಗ್ಯಾಕೂ ಸಾಲೂದಿಲ್ಲ!" ಎಂದು ಮಲಕಾರಿ ನಕ್ಕ.

ಮರುದಿನ ಹೊಳೆವ್ವ ಮೊದಲ ಪಂಪು ಹೊಡೆದು ನಾಲ್ಕು ಸಾಲು ಮುಗಿಸಿದಳು. ಎರಡನೆಯದಕ್ಕೆ ಒಂದು ಮುಚ್ಚಳ ಸುರಿದು ಇನ್ನೊಂದು ತುಂಬುವಾಗ ರಾಜಾರಾಮ ಓಡಿಬಂದ.

"ಅಕ್ಕಾರ, ಎರಡ್ಯಾಕ್ರಿ?"

"ಮ್ಯಾಲಿಂದು ಕೊಸರ್ರಿ, ಸಾಹೇಬ್ರ."

"ಇದಕ್ಕ ಕೊಸರಿಲ್ರಿ! ಹೆಚ್ಚಾದ್ರ ಉಳಸೂ ಹೂವನ್ನ ತಾನ ಉದುರಸ್ತೈತಿ."

ಉಳಿದ ಸಾಲುಗಳಿಗೆ ಒಂದೇ ಮುಚ್ಚಳ ಬಿತ್ತು. ವಾರದೊಳಗೆ, ಎರಡು ಮುಚ್ಚಳ ಬಿದ್ದಿದ್ದ ಆ ಮೊದಲ ನಾಲ್ಕು ಸಾಲಿನ ಎಲೆ ಮುರುಟಿತು, ಹೂ ಉದುರಿತು. ಮಲಕಾರಿ ಕಬ್ಬಿನ ಬೀಜಕ್ಕೆ ಅಂಕಲಿಗೆ ಹೋಗಿ ಹೇಳಿಬಂದ. ಹೊಳೆವ್ವ ದಿನಾ ನಸುಕಿನಲ್ಲಿ ಉಳಿದ ಸಾಲುಗಳ ನಡುವೆ ಹೋಗಿ ಕೂರತೊಡಗಿದಳು. ಹಳದಿ ಹೂ ಬಾಡಿದಲ್ಲೆಲ್ಲ ಸೂಜಿಯಂಥ ಎಳೆಯೊಂದು ಹೊರಟು, ಕಣ್ಣಿಲ್ಲದಿದ್ದರೂ ದಾರಿ ಬಲ್ಲಂತೆ ಕಾಯಿ ಕಟ್ಟಲು ನೆಟ್ಟಗೆ ಮಣ್ಣಿಗಿಳಿಯುತ್ತಿತ್ತು. ಇಷ್ಟು ವರ್ಷ ಕಳೆ ತೆಗೆದರೂ ಇದನ್ನವಳು ಕೂತು ಕಂಡಿರಲಿಲ್ಲ. ಮುಟ್ಟಲು ಧೈರ್ಯ ಬರದೆ ಕೈಮುಗಿದಳು.

ಶೇಂಗಾ ಕೀಳುವ ದಿನ ಮುರುಟಿದ ಸಾಲಿನ ಗಿಡದಲ್ಲಿ ಮೂರೇ ಕಾಯಿ ಸಿಕ್ಕವು. ಮಲಕಾರಿ ಪಕ್ಕದ ಸಾಲಿಗೆ ಕೈಹಾಕಿ ಜಗ್ಗಿದ. ಮಣ್ಣಿನ ಸಮೇತ ಗೊಂಚಲೇ ಎದ್ದುಬಂತು. ಎಣಿಸುತ್ತ ಹೋದವನು ಇಪ್ಪತ್ತಕ್ಕೆ ನಿಲ್ಲಿಸಿದ.

"ಇದಕ್ಕ ಒಂದ ಮುಚ್ಚಳಾ ಏನಬೇ?" ದನಿ ತಗ್ಗಿತ್ತು.

"ಒಂದ ರೀ. ಅಷ್ಟರಾಗ ಆ ದೇವ್ರ ಎಷ್ಟ ಇಟ್ಟಾನ ನೋಡ್ರಿ!"

ಮಲಕಾರಿ ಗಿಡವನ್ನು ಮೆಲ್ಲಗೆ ಕೆಳಗಿಟ್ಟ. "ಅಂಕಲಿಗೆ ಹೋಗಿ ಬೀಜ ಬ್ಯಾಡಂತ ಹೇಳಿ ಬರ್ತೀನಿ."

ಹೊಳೆವ್ವ ಕಡೆಯತನಕ ಎಲ್ಲರಿಗೂ ಕೊಸರು ಹಾಕಿದಳು. ಆ ಬಾಟಲಿ ಹಿಡಿದಾಗ ಮಾತ್ರ, ಮುಚ್ಚಳ ತುಂಬಿದೊಡನೆ, ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.