ನಲವತ್ತೊಂದನೇ ನಂಬರಿನ ಟ್ರೇ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಾರ್ಖಾನೆಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ಅದರ ಕೆಳಗೆ ಕುಳಿತ ಹೆಂಗಸು ನಾಣ್ಯದಗಲದ ಕಪ್ಪು ರಬ್ಬರ್ ಬಟ್ಟಲೊಂದನ್ನು ಹೆಬ್ಬೆರಳಿನ ಮೇಲೆ ಮಗುಚಿ, ಅಂಚನ್ನು ಉಗುರಿನಿಂದ ಸವರುತ್ತಾಳೆ. ಸರಿಯಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕಿರುವ ಕೆಂಪು ಡಬ್ಬಿಗೆ. ದಿನಕ್ಕೆ ಮೂರು ಸಾವಿರ ಬಟ್ಟಲು. ಹತ್ತೊಂಬತ್ತು ವರ್ಷದಿಂದ.

ಇವು ಕಾರಿನ ಬ್ರೇಕಿನೊಳಗೆ ಕೂರುತ್ತವೆ. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಎಣ್ಣೆ ಸೋರಿ ಬ್ರೇಕು ಹಿಡಿಯದೆ ಹೋಗಬಹುದು. ಇವಳ ನಂತರ ಇವನ್ನು ಇನ್ಯಾರೂ ಪರೀಕ್ಷಿಸುವುದಿಲ್ಲ.

ಕಾರು ಕೊಳ್ಳುವವರು ಕಡಿಮೆಯಾಗಿ ಮೂರು ಪಾಳಿ ಒಂದಾಗಿದೆ. ಅಕ್ಕಪಕ್ಕದ ಖಾಲಿ ಕುರ್ಚಿಗಳನ್ನು ಪೇರಿಸಿ ಗೋಡೆಗೆ ಸರಿಸಿದ್ದಾರೆ. ಕಳೆದ ತಿಂಗಳು, ಬಟ್ಟಲಿನ ಅಂಚನ್ನು ಬ್ಲೇಡಿನಿಂದ ಕತ್ತರಿಸುವ ವಿಭಾಗದಿಂದ ಹನ್ನೆರಡು ಮಂದಿಯನ್ನು ತೆಗೆಯಬೇಕೆಂದು ಮೇಲಿನಿಂದ ಆದೇಶ ಬಂತು. ಒಂದು ವಾರ ನೋಡುವುದು. ಯಾರ ಟ್ರೇಯಿಂದ ಕೆಂಪು ಡಬ್ಬಿಗೆ ಹೆಚ್ಚು ಬೀಳುತ್ತದೋ ಅವರು ಹೊರಕ್ಕೆ. ಪ್ರತಿ ಟ್ರೇಯ ಮೇಲೂ ಕತ್ತರಿಸಿದವರ ನಂಬರಿನ ಚೀಟಿ ಇರುತ್ತದೆ. ನಲವತ್ತೊಂದು ಇವಳ ವಾರಗಿತ್ತಿಯದು, ಮೈದುನನ ಹೆಂಡತಿಯದು.

"ನಾನೇ ಕರ್ಕೊಂಡು ಬಂದು ಸೇರಿಸಿದ್ದು. ಬ್ಲೇಡು ಹಿಡಿಯೋದೂ ನಾನೇ ಹೇಳ್ಕೊಟ್ಟಿದ್ದು. ಈಗ ಮಣಿಕಟ್ಟು ನೋವು ಅವಳಿಗೆ, ಕೈ ಜಾರತ್ತೆ. ಮೈದುನನ ಕೆಲಸ ಹೋಗಿ ಆರು ತಿಂಗಳಾಯ್ತು. ಎಲ್ಲಾ ಗೊತ್ತಿತ್ತು ನಂಗೆ," ಎನ್ನುತ್ತಾಳೆ ಇವಳು.

ಗೊತ್ತಿದ್ದೂ ಎಡಕ್ಕೇ ಹಾಕಿದಳು. ಆ ವಾರ ವಾರಗಿತ್ತಿಯ ಟ್ರೇಯಿಂದ ಇನ್ನೂರ ಆರು. ಕೆಲಸ ಕಳೆದುಕೊಂಡವರ ಪಟ್ಟಿ ಅಂಟಿಸಿದಾಗ ನಲವತ್ತೊಂದು ಮೂರನೇ ಸಾಲಿನಲ್ಲಿತ್ತು.

ಪೆಟ್ಟಿಗೆ ಕಟ್ಟುವವಳು ಒಳಗೆ ಬರುತ್ತಲೇ ಚುಚ್ಚುತ್ತಾಳೆ: "ನಿನ್ನ ಕಣ್ಣಿಗೆ ಒಂದು ವಾರ ರಜೆ ಕೊಡಕ್ಕಾಗ್ಲಿಲ್ವೇನೇ ಮಹಾತಾಯಿ?"

"ಕಣ್ಣಿಗೆ ಕೊಡ್ಬೋದಿತ್ತು. ಉಗುರು ಕೇಳ್ಬೇಕಲ್ಲ," ಇವಳು ತಲೆಯೆತ್ತುವುದಿಲ್ಲ.

ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ. ಪಟ್ಟಿ ಬಂದ ಮೇಲೆ ಹನ್ನೊಂದು ದಿನದಿಂದ ವಾರಗಿತ್ತಿ ಮಾತಾಡಿಲ್ಲ. ಮೊದಲು ಬಾಯಿಗೆ ಬಿಡುವೇ ಇಲ್ಲದವಳು. ಈಗ ಇವಳಿಗಿಂತ ಮುಂಚೆ ಎದ್ದು, ಇವಳ ಊಟದ ಡಬ್ಬಿ ತುಂಬಿ, ನೋಯುವ ಕೈಯಿಂದಲೇ ಮುಚ್ಚಳ ಬಿಗಿದು, ಬಾಗಿಲ ಪಕ್ಕ ಇಟ್ಟು ಒಳಗೆ ಹೋಗಿಬಿಡುತ್ತಾಳೆ.

ನಾಳೆ ಅವಳನ್ನು ಮತ್ತೆ ಕೆಲಸಕ್ಕೆ ಕರೆದು, ಅವಳ ಟ್ರೇ ಎದುರಿಗೆ ಬಂದರೆ ಏನು ಮಾಡುವಿರಿ, ಎಂದು ಕೇಳುತ್ತೇನೆ.

ಇವಳು ಇನ್ನೊಂದು ಬಟ್ಟಲನ್ನು ಮಗುಚುತ್ತಾಳೆ. "ಎಡಕ್ಕೇ ಹಾಕ್ತೀನಿ. ಕಾರೊಳಗೆ ಕೂತು ಹೋಗೋರಿಗೆ ನನ್ನ ವಾರಗಿತ್ತಿ ಯಾರು ಅಂತ ಗೊತ್ತಾ?" ಆಮೇಲೆ ದನಿ ತಗ್ಗುತ್ತದೆ. "ಆದ್ರೆ ಹೀಗೆ ಸುಮ್ನೆ ಡಬ್ಬಿ ತುಂಬ್ಸಿಡ್ತಾಳಲ್ಲ, ಅದು ಗಂಟಲಲ್ಲಿ ಇಳಿಯಲ್ಲ. ಒಂದು ಸಲ ಜಡೆ ಹಿಡ್ಕೊಂಡು, ಬಾಯಿಗೆ ಬಂದಂಗೆ ಬೈದುಬಿಡ್ಲಿ ನನ್ನ. ಅಷ್ಟು ಸಾಕು."