ನೂರುನ್ನೀಸಾ ಅವರ ನಾಲ್ಕು ಬೆರಳು

ಶಿವಾಜಿನಗರದ ಆ ಓಣಿಯಲ್ಲಿ ಮಾಸ್ಟರ್ ಎಂದರೆ ಅಕ್ತರ್ ಒಬ್ಬರೇ. ಅಂಗಡಿಯ ಒಳಗೆ ಅವರ ಕಟಿಂಗ್ ಮೇಜು, ಗಾಜಿನ ಬೀರು, ತೂಗುಹಾಕಿದ ಕೋಟುಗಳು. ಹೊರಗೆ, ಮೆಟ್ಟಿಲ ಪಕ್ಕದ ಜಗಲಿಯ ಮೇಲೆ, ಅವರ ತಂಗಿ ನೂರುನ್ನೀಸಾ ಅವರ ಹಳೆಯ ಹೊಲಿಗೆ ಮಷೀನು. ಇಪ್ಪತ್ತೆರಡು ವರ್ಷದಿಂದ ಅವರು ಅಲ್ಲಿ ಕೂತು ಆಲ್ಟರೇಷನ್ ಮಾಡುತ್ತಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸವೆದ ಕಾಲರನ್ನು ಬಿಚ್ಚಿ ತಿರುವಿ ಹಾಕುವುದು. ಹೊಸ ಬಟ್ಟೆಗೆ ಅವರು ಕತ್ತರಿ ಇಟ್ಟವರಲ್ಲ. ಹೊಸ ಬಟ್ಟೆ ತಂದವರು ಅವರನ್ನು ದಾಟಿಕೊಂಡು, "ಮಾಸ್ಟರ್ ಇದಾರಾ?" ಎಂದು ಕೇಳುತ್ತ ಒಳಗೆ ಹೋಗುತ್ತಾರೆ.

ನನ್ನ ಗಂಡ ಮಧುಕರ್‌ನ ಅಂಗಿಗಳ ಕಾಲರ್ ತಿರುಗಿಸಲು ಕೊಟ್ಟಾಗ ನನಗೆ ಅವರ ಪರಿಚಯವಾಯಿತು. ಓಣಿಯ ಎಲ್ಲರಂತೆ ನಾನೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ. ಆಪಾ ಹೊಲಿಗೆಯನ್ನು ಎಳೆದು ಹರಿಯುವುದಿಲ್ಲ. ಅರ್ಧ ಬ್ಲೇಡು ಹಿಡಿದು ಒಂದೊಂದೇ ಎಳೆ ಕತ್ತರಿಸುತ್ತಾರೆ. "ಹೊಲಿಯೋದು ಆರು ತಿಂಗಳಲ್ಲಿ ಬಂತು ಬೇಟಿ. ಬಟ್ಟೆಗೆ ನೋವಾಗದ ಹಾಗೆ ಬಿಚ್ಚೋಕೆ ಐದು ವರ್ಷ ಹಿಡೀತು" ಎಂದು ಒಮ್ಮೆ ಹೇಳಿದ್ದರು.

ಕಳೆದ ವರ್ಷ ನಾನು ಆರು ತಿಂಗಳ ಬಸುರಿ. ಮಾಲೂರಿನ ಕಡೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು. ಹಲಸೂರಿನಲ್ಲಿ ಬಾಡಿಗೆ ಮನೆ, ಗರುಡಾಚಾರ್‌ಪಾಳ್ಯದ ಒಂದು ಸ್ವಿಚ್ ಕಾರ್ಖಾನೆಯಲ್ಲಿ ಟ್ರೈನಿ ಕೆಲಸ. ಕೆಲಸ ಖಾಯಂ ಆಗಲು ಇನ್ನು ಇಪ್ಪತ್ತೆರಡು ದಿನದ ಹಾಜರಿ ಬಾಕಿಯಿತ್ತು. ನಡುವೆ ರಜೆ ಹಾಕಿದರೆ ಹೆಸರು ಮುಂದಿನ ಬ್ಯಾಚಿಗೆ ಹೋಗುತ್ತಿತ್ತು. ಆ ಹೊತ್ತಿಗೆ ನನ್ನ ಕೈಯಲ್ಲಿ ಕೂಸಿರುತ್ತಿತ್ತು.

ಆಗಲೇ ಯೂನಿಫಾರ್ಮಿನ ನೀಲಿ ಅಂಗಿ ನನ್ನ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಗುಂಡಿಯ ಜಾಗದಲ್ಲಿ ಪಿನ್ ಚುಚ್ಚಿಕೊಂಡು ಎರಡು ವಾರ ತಳ್ಳಿದ್ದೆ. ಒಂದು ಗುರುವಾರ ಲೈನ್ ಇನ್‌ಚಾರ್ಜ್ ಭಗವಂತರಾಯರು ನೋಡಿಯೇಬಿಟ್ಟರು.

"ಬೃಂದಾ, ಪಿನ್ ಹಾಕ್ಕೊಂಡು ಮಷೀನ್ ಹತ್ರ ಕೂತಿದೀಯಲ್ಲಮ್ಮ! ಸೇಫ್ಟಿಯವರು ನೋಡಿದ್ರೆ ನಿನಗಿಂತ ಮೊದ್ಲು ನನ್ನನ್ನ ಮನೆಗೆ ಕಳಿಸ್ತಾರೆ."

"ಸ್ಟೋರಲ್ಲಿ ಕೇಳ್ದೆ ಸರ್. ದೊಡ್ಡ ಸೈಜು ಗಂಡಸರದ್ದು ಮಾತ್ರ ಇದೆ. ತೋಳು ಕೈ ದಾಟಿ ಬರತ್ತೆ."

"ಸಡಿಲ ತೋಳು ನಡೆಯಲ್ಲ. ಹೊಸದು ಹೊಲಿಸಿ ತರ್ಸೋಕೆ ಒಂದೂವರೆ ತಿಂಗಳು. ಸೋಮವಾರ ಸರಿಯಾದ ಯೂನಿಫಾರ್ಮಲ್ಲಿ ಬಾ, ಇಲ್ಲ ರಜೆ ಬರ್ಕೊಡು. ನಂಗೂ ಬೇಜಾರೇ ಕಣಮ್ಮ."

ಬೇಜಾರು ನಿಜವೇ ಇರಬೇಕು. ಕೆಲಸ ಬಿಟ್ಟು ಹೋದವರು ವಾಪಸ್ ಕೊಟ್ಟ ಹಳೆಯ ಅಂಗಿಗಳ ರಾಶಿಯಿಂದ ಮೂರನ್ನು ಅವರೇ ಆರಿಸಿ ನನ್ನ ಕೈಗಿಟ್ಟರು. ಮೂರೂ ಒಂದೇ ಥಾನಿನ ಬಟ್ಟೆ. ಆದರೆ ಬಿಸಿಲಿಗೆ, ಸೋಪಿಗೆ ಬಣ್ಣ ಹೋಗಿ ಮೂರು ಥರದ ನೀಲಿಯಾಗಿದ್ದವು.

ಶುಕ್ರವಾರ ಸಂಜೆ ಅವನ್ನು ಆಪಾ ಮುಂದೆ ಹರಡಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದರು. "ಇವನು ಬ್ಯಾಗು ಯಾವಾಗ್ಲೂ ಬಲಗಡೆನೇ ನೇತಾಕೋನು. ನೋಡು, ಈ ಭುಜ ಸವೆದಿದೆ" ಎಂದರು. ಮೊಣಕಾಲವರೆಗೆ ಬರುವ ಫ್ರಾಕಿನ ಥರ ಬೇಕು, ತೋಳು ಬಿಗಿ ಇರಬೇಕು, ಸೋಮವಾರ ಬೆಳಿಗ್ಗೆ ನಾನು ಒಳಗೆ ಹೋಗಲೇಬೇಕು ಎಂದು ಹೇಳಿದೆ.

ಒಳಗಿನಿಂದ ಅಕ್ತರ್ ಮಾಸ್ಟರ್ ನಕ್ಕರು. "ನಮ್ಮ ನೂರುನ್ನೀಸಾ ಆಲ್ಟರ್ ಮಾಡೋಳಮ್ಮ, ಕಟಿಂಗ್ ಅವಳಿಗೆಲ್ಲಿ ಬರತ್ತೆ? ನಾನ್ ಕತ್ತರಿಸಿ ಕೊಡ್ತೀನಿ. ಡೊಳ್ಳು ಹೊಟ್ಟೆ ಫಿಟ್ಟಿಂಗ್ ನಂಗೇನು ಹೊಸದಾ? ಈ ಬಜಾರಿನ ಅರ್ಧ ಡೊಳ್ಳುಗಳಿಗೆ ಸೂಟ್ ಹೊಲಿದಿರೋನು ನಾನು!"

ಆಪಾ ಅಂಗಿಗಳನ್ನು ಮಡಚಿ ಒಳಗೆ ಕೊಟ್ಟರು. ಮಾಸ್ಟರ್ ದೂರದಿಂದಲೇ ನನ್ನನ್ನು ಕಣ್ಣಳತೆಯಲ್ಲಿ ನೋಡಿ ಎರಡು ಅಂಗಿಗಳನ್ನು ಕತ್ತರಿಸಿದರು. ಆಪಾ ಹೊಲಿದರು.

ಶನಿವಾರ ಸಂಜೆ ಹಾಕಿ ನೋಡಿದೆ. ನಿಂತಾಗ ಚೆನ್ನಾಗಿಯೇ ಇತ್ತು. "ಹೆಂಗೆ?" ಎಂದು ಮಾಸ್ಟರ್ ಹುಬ್ಬು ಕುಣಿಸಿದರು. ಆಪಾ ಒಂದು ಸ್ಟೂಲು ಎಳೆದರು. "ಫ್ಯಾಕ್ಟರೀಲಿ ಹೆಂಗೆ ಕೂರ್ತೀಯೋ ಹಂಗೆ ಕೂತ್ಕೋ."

ಕೂತೆ. ಮುಂದಿನ ಅಂಚು ಸರ್ರನೆ ಮೇಲೇರಿತು. ಎದೆಯ ಕೆಳಗೆ ಉಸಿರು ಕಟ್ಟುವ ಬಿಗಿ, ಕಿಬ್ಬೊಟ್ಟೆಯ ಹತ್ತಿರ ಮಾತ್ರ ಚೀಲದಂತೆ ಸಡಿಲ. ಹೀಗೆ ಎಂಟು ಗಂಟೆ ಕೂರುವುದು ಸಾಧ್ಯವೇ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಅಣ್ಣತಂಗಿಯರ ಮನೆಮಾತು ದಖ್ಖನಿ ಉರ್ದು. ಜಗಳ ಮಾತ್ರ ಗಿರಾಕಿಗೂ ತಿಳಿಯಲಿ ಎಂಬಂತೆ ಕನ್ನಡದಲ್ಲಿ ನಡೆಯುತ್ತದೆ.

"ಭಾಯ್, ಡೊಳ್ಳು ಕೆಳಗೆ ಜೋತಾಡತ್ತೆ. ಇದು ಮೇಲಿಂದ ಎದ್ದು ಬರತ್ತೆ. ನಿಮ್ಮ ಸೇಟುಗಳ ಹೊಟ್ಟೆ ಹತ್ತು ವರ್ಷ ಹಂಗೇ ಇರತ್ತೆ. ಇವಳದ್ದು ಮುಂದಿನ ಶನಿವಾರಕ್ಕೇ ಬೇರೆ!"

"ಅಷ್ಟು ಗೊತ್ತಿದ್ರೆ ನೀನೇ ಕತ್ತರಿಸು."

"ಕತ್ತರಿಸ್ತೀನಿ."

ಉಳಿದಿದ್ದದ್ದು ಒಂದು ಇಡೀ ಅಂಗಿ, ಆಗಲೇ ಕತ್ತರಿಸಿದ ತುಂಡುಗಳು, ಮತ್ತು ಒಂದು ಭಾನುವಾರ. ಈ ಸಲ ತಪ್ಪಿದರೆ ಬಟ್ಟೆಯೂ ಇಲ್ಲ, ಸೋಮವಾರವೂ ಇಲ್ಲ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಎಲ್ಲವನ್ನೂ ಬಿಚ್ಚಿ ತುಂಡು ತುಂಡಾಗಿ ಜೋಡಿಸಿಟ್ಟಾಗಿತ್ತು. ಆಪಾ ಒಂದು ದಿಂಬನ್ನು ತಮ್ಮ ಹೊಟ್ಟೆಗೆ ದುಪಟ್ಟಾದಿಂದ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂರುತ್ತ, ಏಳುತ್ತ, ಬಗ್ಗುತ್ತ ಇದ್ದರು. ಮಾಸ್ಟರ್ ನಾಚಿ ಗೋಡೆಗೆ ಮುಖ ಮಾಡಿದ್ದರು. ಎದುರಿನ ಚಹಾದಂಗಡಿಯ ಮುನೀರ್ ಕೂಗಿದ, "ಏನ್ ಆಪಾ, ಈ ವಯಸ್ಸಲ್ಲಿ ಸಿಹಿ ಸುದ್ದಿನಾ?"

"ಹೂಂ ಮುನೀರ್, ನಿನ್ನ ನೀರು ಚಾ ಕುಡಿದೂ ಕುಡಿದೂ ಊದ್ಕೊಂಡಿದೀನಿ!"

ಓಣಿಯೆಲ್ಲ ನಕ್ಕಿತು. ಆಪಾ ದಿಂಬು ಸರಿಮಾಡಿಕೊಳ್ಳುತ್ತ ನನಗೆ ಮಾತ್ರ ಕೇಳುವಂತೆ ಹೇಳಿದರು: "ಮೂರು ಮಕ್ಕಳನ್ನ ಹೊತ್ಕೊಂಡೇ ಈ ಮಷೀನ್ ತುಳಿದಿದೀನಿ. ಬುರ್ಖಾ ಒಳಗೆ ಮನೆಯವರ ಹಳೇ ಅಂಗಿ. ಯಾರಿಗೂ ಕಾಣ್ತಿರಲಿಲ್ಲ, ಯಾರೂ ಹೊಲಿದೂ ಕೊಡ್ಲಿಲ್ಲ. ಟೈಲರ್ ಮನೇಲೇ ಹುಟ್ಟಿದೀನಿ, ನೋಡು!"

ಮೊದಲು ಅವರು ಬಟ್ಟೆಯನ್ನೆಲ್ಲ ಮಗುಚಿ ಹಾಕಿದರು. ಹೊರಮೈ ಮೂರು ಥರದ ನೀಲಿಯಾಗಿದ್ದರೂ ಒಳಮೈಗೆ ಬಿಸಿಲು ತಾಗಿರಲಿಲ್ಲ. ಅಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ನೀಲಿ. ಇಪ್ಪತ್ತೆರಡು ವರ್ಷ ಕಾಲರಿಗೆ ಮಾಡಿದ್ದನ್ನೇ ಈಗ ಇಡೀ ಉಡುಪಿಗೆ ಮಾಡಿದರು. ಗಂಡಸರ ಅಂಗಿ ತಿರುವಿದ್ದರಿಂದ ಗುಂಡಿ ತೂರಿಸುವ ಕಾಜಾಗಳ ಸಾಲು ತಾನಾಗಿಯೇ ಎಡದಿಂದ ಬಲಕ್ಕೆ, ಹೆಂಗಸರ ಅಂಗಿಯಲ್ಲಿರುವ ಕಡೆಗೆ ಬಂದು ಕೂತಿತು. ಅದನ್ನು ಕಂಡು ಅವರಿಗೇ ನಗು ಬಂತು.

ಕಾರ್ಖಾನೆಯ ಗುರುತಿದ್ದ ಜೇಬನ್ನು ಬಿಚ್ಚಿ ಹೊಸ ಮೈಗೆ ಹಾಕಿದರು. ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕ ಅಂಗಿಯ ಬಿಗಿ ಕಫ್ ತೆಗೆದು ತೋಳಿನ ತುದಿಗೆ ಕೂಡಿಸಿದರು. ಎದೆಯ ಕೆಳಗೆ ಒಂದು ಅಡ್ಡ ಹೊಲಿಗೆ, ಅಲ್ಲಿಂದ ಮುಂಭಾಗಕ್ಕೆ ಮಾತ್ರ ಸಣ್ಣ ನೆರಿಗೆ. ಮಷೀನಿನ ಹತ್ತಿರ ದಾರ ನೇತಾಡಬಾರದಲ್ಲ, ಅದಕ್ಕೆ ಕಟ್ಟುವ ಪಟ್ಟಿ ಬೇಡವೆಂದು ಎರಡೂ ಪಕ್ಕದಲ್ಲಿ ಮೂರು ಮೂರು ಗುಂಡಿ ಇಟ್ಟರು. "ಈ ತಿಂಗಳು ಇದಕ್ಕೆ ಹಾಕು. ಮುಂದಿನ ತಿಂಗಳು ಇದಕ್ಕೆ. ಕೊನೇದು ಬಂದಾಗ ಆಸ್ಪತ್ರೆಗೆ ಹೋಗು."

ಮುಂದಿನ ಉದ್ದ ಮಾತ್ರ ಉಳಿದಿತ್ತು. ಹಿಂಭಾಗಕ್ಕಿಂತ ಮುಂಭಾಗ ಉದ್ದವಿದ್ದರೆ ತಾನೇ ಹೊಟ್ಟೆ ಎತ್ತಿಕೊಂಡ ಮೇಲೆ ಅಂಚು ಸಮ ನಿಲ್ಲುವುದು? ನನ್ನನ್ನು ಕೂರಿಸಿದರು, ನಿಲ್ಲಿಸಿದರು, ಮತ್ತೆ ಕೂರಿಸಿದರು. ಟೇಪು ಕೊರಳಲ್ಲೇ ಇತ್ತು. ಹಿಂದಿನ ಅಂಚಿನ ಮಟ್ಟದಿಂದ ಕೆಳಗೆ ನಾಲ್ಕು ಬೆರಳು ಇಟ್ಟು ಸೀಮೆಸುಣ್ಣದ ಗೆರೆ ಎಳೆದರು. ಮುಂದೆ ಜೋಡಿಸಿದ್ದ ಮೂರನೆಯ ಅಂಗಿಯ ಬಟ್ಟೆಯ ಮೇಲೆ ಕತ್ತರಿ ಇಟ್ಟು, ಬಿಸ್ಮಿಲ್ಲಾ ಎಂದು ಕತ್ತರಿಸಿದರು. ಅಕ್ತರ್ ಮಾಸ್ಟರ್ ಈಗ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಸೋಮವಾರ ಲೈನಿನ ಬಾಗಿಲಲ್ಲಿ ಭಗವಂತರಾಯರು ನನ್ನನ್ನು ತಡೆದರು. ತೋಳು ನೋಡಿದರು, ಪಕ್ಕ ನೋಡಿದರು. ಸ್ಟೂಲಿನ ಮೇಲೆ ಕೂತು ಮಷೀನಿನ ಕಡೆ ಬಗ್ಗಲು ಹೇಳಿದರು. ಅಂಚು ಕದಲಲಿಲ್ಲ.

"ಸ್ಟೋರಿಂದ ಹೊಸದು ಬಂತಾ? ನಂಗೆ ಯಾರೂ ಹೇಳೇ ಇಲ್ವಲ್ಲ."

"ನೀವೇ ಕೊಟ್ಟಿದ್ದು ಸರ್. ಗುರುವಾರ."

ಅವರು ಬಗ್ಗಿ ಅಂಚನ್ನು ತಿರುಗಿಸಿ ಒಳಗಿನ ಮಾಸಿದ ನೀಲಿಯನ್ನು ನೋಡಿದರು. ಆಮೇಲೆ ಹಾಜರಿ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಸೈನ್ ಮಾಡಮ್ಮ. ನಿನ್ನ ಟೈಲರ್‌ಗೆ ನನ್ನ ನಮಸ್ಕಾರ ಹೇಳು."

ಇಪ್ಪತ್ತೆರಡು ದಿನವೂ ಸೈನ್ ಮಾಡಿದೆ. ಎರಡನೆಯ ಗುಂಡಿಗೆ ಬಂದಿದ್ದಾಗ ಖಾಯಂ ಪತ್ರ ಕೈಗೆ ಸಿಕ್ಕಿತು. ಅಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಅಲಿಯಾ, ಅವಳೂ ಬಸುರಿ, ಎರಡು ಹಳೆಯ ಅಂಗಿ ಹಿಡಿದು ಆಪಾ ಹತ್ತಿರ ಹೋಗಿಬಂದಿದ್ದಳು. ಅವಳ ಹಿಂದೆ ಇನ್ನಿಬ್ಬರು.

ಪತ್ರ ಬಂದ ದಿನ ಸ್ವೀಟ್ ಬಾಕ್ಸ್ ಹಿಡಿದು ಓಣಿಗೆ ಹೋದೆ. ಒಳಗೆ ಮಾಸ್ಟರ್ ಮೇಜಿನ ಮೇಲೆ ಒಂದು ಕರಿ ಕೋಟು ಬಿದ್ದಿತ್ತು. ಐದು ತಿಂಗಳ ಬಸುರಿ ವಕೀಲೆಯೊಬ್ಬರು ತಮ್ಮ ಹಳೆಯ ಕೋಟನ್ನೇ ದೊಡ್ಡದು ಮಾಡಿಕೊಡಿ ಎಂದು ಕೊಟ್ಟುಹೋಗಿದ್ದರಂತೆ. ಮಾಸ್ಟರ್ ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಸಿಕ್ಕಿಸಿಕೊಂಡರು. ಕೊನೆಗೆ ಜಗಲಿಯ ಕಡೆ ನೋಡದೆಯೇ ಕೇಳಿದರು:

"ನೂರೂ, ಮುಂದೆ ಎಷ್ಟು ಬಿಟ್ಟೆ?"

"ನಾಲ್ಕು ಬೆರಳು."

"ಯಾರ ಬೆರಳು?"

"ಇನ್ಯಾರದ್ದು? ನಂದು."

ಮಾಸ್ಟರ್ ಟೇಪು ಹಿಡಿದು ಹೊರಗೆ ಬಂದರು. ಆಪಾ ಮಷೀನು ನಿಲ್ಲಿಸಿ ಬಲಗೈಯನ್ನು ಜಗಲಿಯ ಮೇಲೆ ಚಾಚಿ ಇಟ್ಟರು. ಅವರು ಬಗ್ಗಿ ತಂಗಿಯ ನಾಲ್ಕು ಬೆರಳಿನ ಅಗಲ ಅಳೆದರು. ಒಮ್ಮೆ ಅಳೆದು ನಂಬಿಕೆ ಬರದೆ ಇನ್ನೊಮ್ಮೆ ಅಳೆದರು. ಒಳಗೆ ಹೋಗಿ, ತಮ್ಮ ಉಸ್ತಾದರ ಕಾಲದಿಂದಲೂ ಅಳತೆಗಳನ್ನು ಬರೆದಿಟ್ಟ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು: ಮೂರಿಂಚಿಗೆ ಚೂರು ಕಮ್ಮಿ.

"ಬರ್ಕೊಳ್ಳಿ ಭಾಯ್," ಎಂದರು ಆಪಾ, ಸೂಜಿಗೆ ದಾರ ಪೋಣಿಸುತ್ತ. "ಆದ್ರೆ ಆ ಮೇಡಂ ಬಂದಾಗ ನಿಲ್ಲಿಸಿ ಅಳೀಬೇಡಿ. ಕೂರಿಸಿ."